ಮೊದಲ ಮಳೆಯ ನೀರು

ಬುದ್ಧನ ಮುಂದಿಡುವ ನೀರಿಗೆ ನಮ್ಮ ಬೆಟ್ಟದಲ್ಲೊಂದು ಕಟ್ಟಳೆಯಿದೆ. ಮೊದಲ ಮಳೆಯನ್ನು ನೆಲಕ್ಕೆ ಬಿಡಬೇಕು. ಆಕಾಶ ಮೈ ತೊಳೆದುಕೊಂಡ ಮೇಲೆ ಪಾತ್ರೆ ಒಡ್ಡಬೇಕು. ಮಠದ ಅಂಗಳ ಗುಡಿಸುವ ನಾನು ಕಂಡಂತೆ, ಅಲ್ಲಿನ ಸನ್ಯಾಸಿನಿ ಮಿಯಾವೊಯಿನ್ ಅಜ್ಜಿ ಅದನ್ನು ಎಂದೂ ತಪ್ಪಿದವಳಲ್ಲ.

ಕಣಿವೆಯ ವಿದ್ಯುತ್ ಸ್ಥಾವರದ ಹೊಗೆಯಿಂದ ಮಳೆ ಹುಳಿಯಾಗಿ, ನಮ್ಮ ಪೈನ್ ಮರಗಳು ತುದಿಯಿಂದ ಒಣಗುತ್ತಿದ್ದವು. ಹೊಗೆ ತೊಳೆಯುವ ಗೋಪುರ ಕಟ್ಟಿದರು. ಹುಳಿ ಇಳಿಯಿತೇ ಎಂದು ಅಳೆಯುವವಳು ಜಿಲ್ಲಾ ಕಚೇರಿಯ ವೈ ಸುಜೆನ್. ಮಳೆ ನೀರು ಹಿಡಿಯುವ ಅವಳ ಬಕೆಟ್ ಮೊದಲು ಶಾಲೆಯ ಮಾಳಿಗೆಯ ಮೇಲಿತ್ತು. ಗೋಪುರ ಬಂದ ವರ್ಷವೇ ಶಾಲೆ ಮುಚ್ಚಿ, ಬಕೆಟ್ ಮಠದ ಅಂಗಳಕ್ಕೆ ಬಂತು. ಹನಿ ಬಿದ್ದೊಡನೆ ಅದರ ಮುಚ್ಚಳ ತೆಗೆಯುವುದು ಅಜ್ಜಿಯ ಪಾಲಿಗೆ ಬಂತು. ಅಂದಿನಿಂದ ಅಳತೆಯಲ್ಲಿ ಹುಳಿ ಅರ್ಧಕ್ಕಿಳಿದಿತ್ತು. ಮರಗಳು ಮಾತ್ರ ಒಣಗುತ್ತಲೇ ಇದ್ದವು.

ಗೋಪುರ ಗೆದ್ದಿತೆಂದು ಸುಜೆನ್ ಸಹಿ ಹಾಕಿದರೆ ಎರಡನೆಯ ಚಿಮಣಿಗೆ ಒಪ್ಪಿಗೆ. ಸಹಿಯ ಸಭೆಯ ಹಿಂದಿನ ದಿನ ಕೊನೆಯ ನೀರಿಗೆಂದು ಅವಳು ಬೆಟ್ಟ ಹತ್ತಿದಳು. ಮಳೆ ಶುರುವಾಯಿತು. ಅಜ್ಜಿ ಜಗಲಿಯಲ್ಲಿ ಕೂತು ಸೂತ್ರ ಹೇಳುತ್ತಲೇ ಇದ್ದಳು.

"ಅಜ್ಜೀ, ಮುಚ್ಚಳ."

"ತಡಿಯೇ, ಇದೊಂದು ಮುಗೀಲಿ. ಆಕಾಶ ಬಾಯಿ ಮುಕ್ಕಳಿಸಿದ ನೀರು ನಿಂಗ್ಯಾಕೆ?"

"ಯಾವಾಗ್ಲೂ ಹೀಗೇನಾ?"

"ಮತ್ತೆ? ಬುದ್ಧಂಗೆ ಕೊಡೋದನ್ನೇ ನಿಂಗೂ ಕೊಟ್ಟಿದೀನಿ. ನೀನೇನು ಕೀಳಾ?"

ಸುಜೆನ್ ನಿಂತಲ್ಲೇ ನೆನೆದಳು. ಗಾಳಿಯ ಹುಳಿ ಹೆಚ್ಚಾಗಿ ಇಳಿಯುವುದೇ ಮೊದಲ ಹನಿಗಳಲ್ಲಿ; ಅವು ಈ ಬಕೆಟ್ಟಿಗೆ ಬಿದ್ದೇ ಇರಲಿಲ್ಲ.

ಮರುದಿನ ಸಭೆಯಲ್ಲಿ ಅದನ್ನು ಹೇಳಿದಾಗ ಸ್ಥಾವರದ ವ್ಯವಸ್ಥಾಪಕ ಫಾನ್ ಚಹಾದ ಮೇಲಿನ ಎಲೆ ಊದುತ್ತ ನಕ್ಕ.

"ನಂಗೊತ್ತಿತ್ತು ಕಣಮ್ಮ. ಮಠಕ್ಕೆ ಊದುಬತ್ತಿ ಹಚ್ಚೋಕೆ ಹೋದಾಗ ನೋಡಿದೀನಿ. ಮುದುಕಿ ಭಕ್ತಿಗೆ ಅಡ್ಡ ಬರೋಕೆ ನಾನ್ಯಾರು?"

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?"

"ಅಂಕಿ ಚೆನ್ನಾಗಿದ್ವಲ್ಲ. ಸಹಿ ಹಾಕು."

ಸುಜೆನ್ ಕಾಗದವನ್ನು ತನ್ನತ್ತ ಎಳೆದುಕೊಂಡಳು. "ಗೋಪುರ ಕೆಲಸ ಮಾಡ್ತಿದ್ಯೋ ಇಲ್ವೋ ನಮಗೆ ಗೊತ್ತಿಲ್ಲ. ಹಾಗಂತಲೇ ಬರೀತೀನಿ. ಮೊದಲಿಂದ ಅಳೀಬೇಕು."

"ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ. ನಿಮ್ಮ ಚಿಮಣಿ ನನ್ನ ಹೆಸರಿನ ಮೇಲೆ ಏಳೋದು ಬೇಡ."

ಚಿಮಣಿಯ ಮಾತು ಅಲ್ಲಿಗೇ ನಿಂತಿತು. ಸುದ್ದಿ ಬೆಟ್ಟ ಹತ್ತಿದಾಗ ಅಜ್ಜಿ ಎರಡು ಹೊತ್ತು ಬಾಯಿಗೆ ಅನ್ನ ಇಡಲಿಲ್ಲ. ಫಾನ್ ನೆಟ್ಟಿದ್ದ ಊದುಬತ್ತಿಗಳನ್ನು ಬೂದಿಯಿಂದ ಕಿತ್ತು ಮೆಟ್ಟಿಲಾಚೆ ಎಸೆದಳು.

ಮುಂದಿನ ಮಳೆಗೆ ಮೋಡ ಕವಿಯುವಾಗಲೇ ಅಂಗಳದಲ್ಲಿ ನಿಂತಿದ್ದಳು. ಮೊದಲ ಹನಿಗೇ ಬಕೆಟ್ಟಿನ ಮುಚ್ಚಳ ತೆಗೆದಳು. ಆಮೇಲೆ ಒಳಗೆ ಹೋಗಿ ಬುದ್ಧನ ಮುಂದಿನ ಬಟ್ಟಲನ್ನೂ ತಂದು ಪಕ್ಕದಲ್ಲಿ ಒಡ್ಡಿದಳು.

"ಅಜ್ಜೀ, ಅದು ಕೊಳಕು ನೀರಲ್ವಾ?" ನಾನು ಕೇಳಿದೆ.

"ಇಷ್ಟು ವರ್ಷ ಅವನ ಕಣ್ಣಿಗೂ ಮಣ್ಣೆರಚಿದೆ. ನಮ್ಮ ತಲೆ ಮೇಲೆ ಏನು ಬೀಳ್ತಿದೆ ಅಂತ ಅವನೂ ನೋಡ್ಲಿ."