ಎಲ್ಲಾ ನರಾನ

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಸಿಗ್ನಲ್ಲಿಗೆ ಕಾರು ನಿಂತದ್ದೇ ತಡ, ನಿಧಿ ಸ್ಟಿಯರಿಂಗ್ ಮೇಲಿದ್ದ ಗಂಡನ ಕೈ ಎಳೆದುಕೊಂಡು ಮೊಣಕೈಯ ಒಳಮಗ್ಗುಲನ್ನು ಒತ್ತಿದಳು.

“ಈ ನೀಲಿದು ಏನ್ರಿ?”

“ನರಾ. ಕೈ ಬಿಡು, ಗ್ರೀನ್ ಆತು,” ಎಂದ ಸಿದ್ಧಾರೂಢ.

“ನೀವೂ ಫೇಲ್! ಅದು ರಕ್ತ ಹರಿಯೋದು, ವೇನ್. ನಮ್ಮ ಮಂದಿಗೆ ಎಲ್ಲಾ ನರಾನ. ನಿನ್ನಿ ಪರೀಕ್ಷಾದಾಗ ನಾನೂ ನರಾ ಅನ್ಕೊಂಡು, ವೇನ್ ಇದ್ದಲ್ಲೆಲ್ಲಾ ನರ್ವ್ ಅಂತ ಬರದು ಬಂದೆ.”

ನಿಧಿಗೆ ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್, ಸಂಜೆ ಕಾಲೇಜು. ಅನಾಟಮಿಯಲ್ಲಿ ಒಳ್ಳೆಯ ಗ್ರೇಡ್ ಬಾರದಿದ್ದರೆ ನರ್ಸಿಂಗ್ ಶಾಲೆಯವರು ಅರ್ಜಿಯನ್ನೇ ಮುಟ್ಟುವುದಿಲ್ಲ. ನಿನ್ನೆಯ ಲ್ಯಾಬ್ ಪರೀಕ್ಷೆ ಕೈಕೊಟ್ಟಿತ್ತು, ಉಳಿದದ್ದು ಕೊನೆಯದೊಂದೇ. ಕೋರ್ಸ್ ಬಿಡಲು ಇವತ್ತೇ ಕಡೆಯ ದಿನ. ಕೂತಲ್ಲಿ ಕೂರಲಾಗದೆ ಅವಳು ಕಿಟಕಿಯ ಗಾಜು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು.

“ಸೆಕಿ ಒಳಗ ಬರ್ತದ ಮಾರಾಯ್ತಿ,” ಎಂದ ಸಿದ್ಧಾರೂಢ. ಆಮೇಲೆ ದನಿ ತಗ್ಗಿಸಿ, “ಕೋರ್ಸ್ ಡ್ರಾಪ್ ಮಾಡಿಬಿಡು. ನಿಮ್ಮ ಆಸ್ಟಿನ್ ಆಫೀಸಿನವ್ರು ಟೀಮ್ ಲೀಡ್ ಮಾಡ್ತೀವಿ ಅಂತ ಕರ್ಯಾಕತ್ತಾರ. ಅಲ್ಲೇ ಬಾಜೂಕ ಜಾರ್ಜ್‌ಟೌನ್‌ನಾಗ ಹೊಸಾ ಮನಿ ತಗೊಳ್ಳೋಣು. ಮಂದಿ ಗಾಯಾ ತೊಳಿಯೋ ಉಸಾಬರಿ ಯಾಕ? ಆರಾಮ ಇರೋಣಂತ. ಏನಂತಿ?”

ನಿಧಿ ಗಾಜು ಏರಿಸಿದಳು.

“ಒಲ್ಲೆ.”