ಮೊಬೈಲಿನಲ್ಲಿದ್ದ ಮೂವತ್ತೆರಡು ಸದ್ದುಗಳು

ನಾಟಕ ನಾಲ್ಕು ಗಂಟೆಗೆ. ಮೂರಕ್ಕೆ ಇನ್ನೂ ಹತ್ತು ನಿಮಿಷ ಇದ್ದಾಗ ಶಬ್ದಣ್ಣನ ಕಂಪ್ಯೂಟರ್ ಕಣ್ಣು ಮುಚ್ಚಿತು.

ಶಬ್ದಣ್ಣ ಅಂದರೆ ಊರಿನ ಎಲೆಕ್ಟ್ರಿಷಿಯನ್. ರೈಲು, ಗುಡುಗು, ಬೊಗಳುವ ನಾಯಿ, ಕಿರುಗುಟ್ಟುವ ಬಾಗಿಲು, ಹೀಗೆ ತಂಡಕ್ಕೆ ಯಾವ ಸದ್ದು ಬೇಕಾದರೂ ತಾನೇ ಹುಡುಕಿಕೊಂಡು ಹೋಗಿ ರೆಕಾರ್ಡ್ ಮಾಡಿ ತರುತ್ತಿದ್ದ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಈಗ ಅವನು ಕಂಪ್ಯೂಟರಿನ ಗುಂಡಿಯನ್ನು ಹತ್ತನೇ ಸಲ ಒತ್ತಿ, ಬೆನ್ನು ತಟ್ಟಿ, ಕೊನೆಗೆ ಸುಮ್ಮನೆ ಅದರ ಮುಂದೆ ಕುಳಿತುಬಿಟ್ಟ. ಪರದೆ ಕಪ್ಪಗೇ ಇತ್ತು.

ನಾಟಕವೋ ರೈಲು ನಿಲ್ದಾಣದ ಕಾಯುವ ಕೋಣೆಯಲ್ಲಿ ನಡೆಯುವಂಥದ್ದು. ಅರ್ಧ ಕತೆಯನ್ನು ಪಾತ್ರಗಳು ಹೇಳಿದರೆ ಇನ್ನರ್ಧವನ್ನು ಸದ್ದುಗಳೇ ಹೇಳಬೇಕು. ನಿರ್ದೇಶಕ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು; ಆ ಹೊತ್ತಿಗೆ ಅವನೇ ಹಲ್ಲು ಕಿತ್ತ ಹಾವಿನಂತೆ ರಂಗದ ಮೆಟ್ಟಿಲ ಮೇಲೆ ಮುದುಡಿ ಕುಳಿತಿದ್ದ.

"ಅಕ್ಕ, ಜನಕ್ಕೆ ಏನಂತ ಹೇಳೋದು? ಮನೆಗೆ ಹೋಗಿ ಅನ್ನೋದಾ?"

ಅಕ್ಕ ಅಂದರೆ ನಿರ್ದೇಶಕನ ಸ್ವಂತ ಅಕ್ಕ, ಊರ ಗ್ರಂಥಾಲಯ ನೋಡಿಕೊಳ್ಳುವ ಲೈಬ್ರರಿ ಮೇಡಂ. ತಂಡದಲ್ಲಿ ಅವರದು ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಪಿಸುಗುಟ್ಟಿ ನೆನಪಿಸುವ ಕೆಲಸ. ಅವರು ಕನ್ನಡಕ ಏರಿಸಿಕೊಂಡು ಶಬ್ದಣ್ಣನ ಕಡೆ ತಿರುಗಿದರು.

"ನೀವು ಎರಡು ತಿಂಗಳ ಹಿಂದೆ ಎಲ್ಲಾ ಸದ್ದನ್ನೂ ಒಂದು ಗಂಟು ಕಟ್ಟಿ ಗ್ರೂಪಿಗೆ ಹಾಕಿದ್ರಲ್ವಾ?"

"ಜಿಪ್ ಮಾಡಿ ಹಾಕಿದ್ದೆ ಮೇಡಂ. ಯಾರೂ ತೆಗೆದು ನೋಡಲಿಲ್ಲ. ಈ ನೆಲಮಾಳಿಗೆಯಲ್ಲಿ ಇಂಟರ್ನೆಟ್ಟೂ ಬರಲ್ಲ, ಈಗ ಇಳಿಸಿಕೊಳ್ಳೋಕೂ ಆಗಲ್ಲ."

"ನಾನು ಆವತ್ತೇ ಇಳಿಸಿಕೊಂಡಿದ್ದೆ. ತೆಗೆದು ನೋಡಿರಲಿಲ್ಲ ಅಷ್ಟೆ."

ಮೇಡಂ ಮೊಬೈಲ್ ತೆಗೆದು ಫೈಲ್ ಆ್ಯಪ್ ಒತ್ತಿದರು. ಹಳದಿ ಕಡತದ ಚಿತ್ರವಿದ್ದ ಆ ಆ್ಯಪ್ ಮೂರು ವರ್ಷ ಅವರ ಫೋನಿನ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಹೋದ ತಿಂಗಳು ಫೋನ್ ತುಂಬಿ ಒಂದು ಫೋಟೋಗೂ ಜಾಗವಿಲ್ಲದಂತಾದಾಗ, ಒಂದು ಭಾನುವಾರ ಕುಳಿತು ಅದರ ಒಂದೊಂದೇ ಗುಂಡಿ ಒತ್ತಿ ನೋಡಿದ್ದರು. ಹುಡುಕಬಹುದು, ಬಗೆಬಗೆಯಾಗಿ ವಿಂಗಡಿಸಬಹುದು, ಹೆಸರು ಬದಲಿಸಬಹುದು. ಅಯ್ಯೋ, ಇದು ನನ್ನ ಕಪಾಟಿನ ಕೆಲಸವೇ ಅಲ್ಲವಾ ಅನ್ನಿಸಿ ಆವತ್ತು ಊಟ ಮರೆತಿದ್ದರು.

ಗಂಟಿನ ಹೆಸರು ನೆನಪಿರಲಿಲ್ಲ. ಜಿಪ್ ಫೈಲುಗಳನ್ನಷ್ಟೇ ತೋರಿಸು ಅಂದರು. ಎರಡು ಬಂದವು. ಒಂದರ ಹೆಸರು 'ಕೊನೆಯದು', ಇನ್ನೊಂದರದು 'ನಿಜವಾಗಿ ಕೊನೆಯದು'.

"ಯಾವುದು ಸರಿ?"

ಶಬ್ದಣ್ಣ ತಲೆ ಕೆರೆದುಕೊಂಡ. "ನಿಜವಾಗಿ ಕೊನೆಯದು ಅಂತ ಇದೆಯಲ್ಲ, ಅದೇ ಇರಬೇಕು."

ಮೇಡಂ ತಾರೀಕಿನ ಪ್ರಕಾರ ಜೋಡಿಸಿದರು. "ನಿಮ್ಮ 'ನಿಜವಾಗಿ ಕೊನೆಯದು' ಬಂದು ಒಂದು ವಾರ ಆದ ಮೇಲೆ 'ಕೊನೆಯದು' ಬಂದಿದೆ."

"ಹಾಂ, ಹೌದು. ನಾಯಿ ಬದಲಾಯಿಸಿದ್ದೆ."

ಬಿಚ್ಚಲು ಹೋದರೆ ಜಾಗ ಸಾಲದು ಎಂದಿತು ಫೋನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಮ್ಮ ಮತ್ತೆ ತಲೆ ಮೇಲೆ ಕೈ ಹೊತ್ತ. ಮೇಡಂ ಮಾತ್ರ 'ಒಂದೇ ಥರದ ಫೈಲುಗಳು' ಎಂಬಲ್ಲಿ ಬೆರಳಿಟ್ಟರು. ತಾಲೀಮಿನ ಒಂದೇ ವಿಡಿಯೋ ಏಳು ಸಲ ಸಾಲಾಗಿ ನಿಂತಿತ್ತು.

"ಇದನ್ನ ಏಳು ಸಲ ಕಳಿಸಿದವನು ಯಾರು?"

ತಮ್ಮ ಮೆಲ್ಲಗೆ ಕೈ ಎತ್ತಿದ. "ಯಾರೂ ನೋಡಿಲ್ಲ ಅಂತ ಮತ್ತೆ ಮತ್ತೆ ಕಳಿಸಿದೆ."

ಒಂದನ್ನು ಉಳಿಸಿ ಆರನ್ನು ಅಳಿಸಿದರು. ಎರಡು ಜಿಬಿ ಜಾಗ ಬಾಯಿ ತೆರೆಯಿತು. ಗಂಟು ಬಿಚ್ಚಿಕೊಂಡಿತು. ನೀಲಿ ಗೆರೆ ತುದಿ ಮುಟ್ಟಿದಾಗ ಮೂವರಿಗೂ ಹೋದ ಜೀವ ಬಂದಂತಾಯಿತು.

ಒಳಗೆ ಮೂವತ್ತೆರಡು ಫೈಲುಗಳಿದ್ದವು. ಆದರೆ ಶಬ್ದಣ್ಣ ಬರೀ ಅಂಕಿ ಹಾಕಿದ್ದ. ಆ ಆ್ಯಪಿನ ಲೆಕ್ಕದಲ್ಲಿ ಒಂದಾದ ಮೇಲೆ ಹತ್ತು, ಹನ್ನೊಂದು. ಎರಡು ಎಲ್ಲೋ ಕೆಳಗೆ.

"ಕತ್ತಲಲ್ಲಿ ಇದನ್ನ ಹುಡುಕೋಕಾಗಲ್ಲ," ಅಂದರು ಮೇಡಂ. "ಎಲ್ಲಕ್ಕೂ ಎರಡಂಕಿ ಕೊಟ್ಟು, ಜೊತೆಗೆ ಹೆಸರೂ ಬರೀತೀನಿ. ನೀವು ಇಯರ್‌ಫೋನಲ್ಲಿ ಕೇಳಿ ಹೇಳ್ತಾ ಹೋಗಿ."

ಅಷ್ಟರಲ್ಲಿ ಪ್ರೇಕ್ಷಕರು ಒಳಗೆ ಬರುತ್ತಿದ್ದರು. ಕುರ್ಚಿಗಳ ಸಪ್ಪಳ ಪರದೆಯಾಚೆ ಏರುತ್ತಿತ್ತು.

"ದೂರದ ರೈಲು."

"ಸೊನ್ನೆ ಒಂದು, ದೂರದ ರೈಲು. ಮುಂದೆ?"

"ಗಡಿಯಾರ."

ಬೆರಳು ಹಿಡಿದ ವೇಗಕ್ಕೆ ಮೇಡಂಗೇ ಆಶ್ಚರ್ಯ. ಮೂವತ್ತು ವರ್ಷ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದ ಕೈ ಅದು. ಮೂವತ್ತೆರಡನೆಯದಕ್ಕೆ ಹೆಸರಿಟ್ಟಾಗ ನಾಲ್ಕಕ್ಕೆ ಆರು ನಿಮಿಷವಿತ್ತು. ಶಬ್ದಣ್ಣ ಫೋನಿಗೆ ವೈರು ಸಿಕ್ಕಿಸಿದ. ಮೇಡಂ ಏರೋಪ್ಲೇನ್ ಮೋಡ್ ಹಾಕಿದರು. ನಡುವೆ ಅತ್ತೆಯ ಕರೆ ಸ್ಪೀಕರಿನಲ್ಲಿ ಮೊಳಗಿದರೆ ಕತೆಯ ಖಳನಾಯಕನೇ ಬದಲಾಗಿಬಿಡುತ್ತಿದ್ದ.

ಪರದೆ ಮೇಲೆದ್ದಿತು. ಎಡಗೈಯಲ್ಲಿ ನಾಟಕದ ಪುಸ್ತಕ, ಬಲಗೈಯಲ್ಲಿ ಫೋನು. ಮೇಡಂ ಮೊದಲ ಸದ್ದು ಒತ್ತಿದರು. ದೂರದಿಂದ ರೈಲೊಂದು ಸಭಾಂಗಣದೊಳಕ್ಕೆ ಬಂತು. ಮುಂದಿನ ಸಾಲಿನವರು ಕತ್ತು ತಿರುಗಿಸಿ ನೋಡಿದರು. ಮೇಡಂ ಮೈಯಲ್ಲಿ ಸಣ್ಣ ಝುಮ್ಮೆನ್ನುವ ಅಲೆ ಎದ್ದಿತು. ಇಷ್ಟು ವರ್ಷ ತಾವು ಪಿಸುಗುಟ್ಟಿದ್ದು ಯಾರಿಗೂ ಕೇಳಿಸದಿದ್ದರೇ ಕೆಲಸ ಚೆನ್ನಾಯಿತೆಂದು ಲೆಕ್ಕ. ಇವತ್ತು ಅವರು ಬೆರಳಿಟ್ಟರೆ ಸಾಕು, ಇನ್ನೂರು ಜನ ಬೆಚ್ಚುತ್ತಿದ್ದರು.

ಎರಡನೇ ಅಂಕದವರೆಗೆ ಎಲ್ಲ ಸುಸೂತ್ರ. ಆಮೇಲೆ ಸ್ಟೇಷನ್ ಮಾಸ್ತರನ ಪಾತ್ರದಲ್ಲಿದ್ದ ಬೇಕರಿಯವನು ಇದ್ದಕ್ಕಿದ್ದಂತೆ ಮೂರು ಪುಟ ಹಾರಿದ. ಮೇಡಂ ಪಿಸುಗುಟ್ಟಿ ಕರೆಯುವಷ್ಟರಲ್ಲಿ ನಾಯಕಿ ಅವನ ಮಾತು ಹಿಡಿದು ಕಿಟಕಿಯ ಹತ್ತಿರ ಹೋಗಿಬಿಟ್ಟಿದ್ದಳು. ಈಗ ಗಾಜು ಒಡೆಯಬೇಕು. ಫೋನಿನಲ್ಲಿ ಸರದಿಯಲ್ಲಿದ್ದದ್ದು ಹಾಲಿನ ಕ್ಯಾನು.

"ಗಾಜು, ಗಾಜು," ಎಂದ ಶಬ್ದಣ್ಣ.

ಪಟ್ಟಿ ಉರುಳಿಸುತ್ತ ಕೂತರೆ ಆಗುವುದಿಲ್ಲ. ಮೇಡಂ ಹುಡುಕುವ ಗುಂಡಿ ಒತ್ತಿ 'ಗಾ' ಎಂದಷ್ಟೇ ಬರೆದರು. '24 ಗಾಜು' ಎದುರಿಗೆ ಬಂದು ನಿಂತಿತು. ನಾಯಕಿ ಕೈ ಬೀಸಿದಳು, ಮೇಡಂ ಒತ್ತಿದರು. ಫಳಾರ್. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು "ಅಮ್ಮಾ" ಎಂದದ್ದು ರಂಗದವರೆಗೂ ಕೇಳಿಸಿತು. ಶಬ್ದಣ್ಣ ಬಾಯಿಗೆ ಕೈ ಅಡ್ಡವಿಟ್ಟು ನಕ್ಕ. ಬೇಕರಿಯವನು ಅಲ್ಲಿಂದ ಹಿಂದಿನ ಪುಟಗಳಿಗೂ ಒಮ್ಮೆ ಜಿಗಿದ. ಮೇಡಂ ಅವನ ಬೆನ್ನು ಬಿಡಲಿಲ್ಲ.

ಚಪ್ಪಾಳೆ ಮುಗಿದು, ನಿರ್ದೇಶಕ ಎಲ್ಲರನ್ನೂ ತಬ್ಬಿಕೊಂಡು ಮುಗಿಸಿದ ಮೇಲೆ, ಮೇಡಂ ಶಬ್ದಣ್ಣನನ್ನು ಹುಡುಕಿಕೊಂಡು ಹೋದರು. ಅವನು ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕುಳಿತಿದ್ದ.

"ಇಪ್ಪತ್ತು ವರ್ಷದ ಸದ್ದು ಇದರೊಳಗಿತ್ತು ಮೇಡಂ. ಬೇರೆ ಎಲ್ಲೂ ಇಟ್ಟಿರಲಿಲ್ಲ."

ಮೇಡಂ ಅವನ ಪಕ್ಕ ಕುಳಿತು ಫೋನಿನಲ್ಲಿ ಆಡಿಯೋ ಎಂಬ ವಿಭಾಗ ತೆರೆದರು. ಚಾಟ್‌ನಲ್ಲಿ ಬಂದವುಗಳದ್ದೇ ಒಂದು ಫೋಲ್ಡರ್ ಇತ್ತು. ಚೆನ್ನಾಗಿದೆಯಾ ಹೇಳಿ ಎಂದು ಶಬ್ದಣ್ಣ ಆಗಾಗ ಗ್ರೂಪಿಗೆ ಹಾಕಿದ್ದೆಲ್ಲ ಅಲ್ಲಿತ್ತು. ನಾನೂರ ಹದಿನೆಂಟು.

"ಅರ್ಧ ನಾನು ಕೇಳೇ ಇಲ್ಲ," ಅಂದರು ಮೇಡಂ ತಗ್ಗಿದ ದನಿಯಲ್ಲಿ. "ಅಳಿಸಲಂತೂ ಇಲ್ಲ."

ಶಬ್ದಣ್ಣ ಒಂದನ್ನು ಒತ್ತಿದ. ಕಬ್ಬಿಣದ ಗೇಟು ತೆರೆಯುವ ಸದ್ದು. "ಇದು ಹಳೇ ಅಂಚೆ ಕಚೇರಿದು," ಎಂದ. ಇನ್ನೊಂದು ಒತ್ತಿದ. ಮತ್ತೊಂದು. ಮುಖ ಅರಳುತ್ತ ಹೋಯಿತು.

"ಇವನ್ನ ನಿಮ್ಮ ಫೋನಿಗೆ ಇಂಟರ್ನೆಟ್ ಇಲ್ಲದೇನೂ ಕಳಿಸಬಹುದು. ಇದೇ ಆ್ಯಪ್ ತೆಗೀರಿ."

"ನನ್ನ ಫೋನಲ್ಲಿ ಎಲ್ಲಿದೆ ಅದು?"

ಮೇಡಂ ತೋರಿಸಿದರು. ಹಳದಿ ಕಡತ ಅಲ್ಲೂ ಮೂಲೆಯಲ್ಲಿ ಕುಳಿತಿತ್ತು. ಎರಡೂ ಫೋನು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು, ಎರಡು, ಮೂರು ಎಂದು ಎಣಿಕೆ ಏರತೊಡಗಿತು.

"ನಾಳೆ ಲೈಬ್ರರಿ ಎಷ್ಟು ಗಂಟೆಗೆ ತೆಗೀತೀರಿ?"

"ಒಂಬತ್ತಕ್ಕೆ."

"ಎಂಟೂವರೆಗೇ ಬಾಗಿಲಲ್ಲಿರ್ತೀನಿ. ನಾನೂರಕ್ಕೂ ಹೆಸರಿಡಬೇಕು."

ಮರುದಿನ ಮೇಡಂ ಬೀಗ ತೆಗೆಯಲು ಬಂದಾಗ ಬಾಗಿಲಲ್ಲಿ ಶಬ್ದಣ್ಣನ ಜೊತೆ ಬೇಕರಿಯವನೂ ನಿಂತಿದ್ದ, ಒಂದು ಫೋಟೋಗೂ ಜಾಗವಿಲ್ಲದಂತೆ ತುಂಬಿ ತುಳುಕುವ ಫೋನು ಕೈಯಲ್ಲಿ ಹಿಡಿದು.