ದೊಡ್ಡಬಸಪ್ಪ ಕಾಕಾ ನಾಯಿ ಹುಡುಕಿದ ಮೂರು ದಿನ

ನಮ್ಮ ಕಡೆ ಸೈಕಲ್ ತುಳಿಯುವವರಿಗೆ ಎರಡು ಕಾಟ. ಒಂದು ಎದುರುಗಾಳಿ, ಇನ್ನೊಂದು ಬೀದಿ ನಾಯಿ. ಗಾಳಿ ಸಂಜೆಗಾದರೂ ಇಳಿಯುತ್ತದೆ. ನಾಯಿಗೆ ಹೊತ್ತುಗೊತ್ತು ಇಲ್ಲ.

ನನ್ನ ಹೆಸರು ವಿರುಪಾಕ್ಷಿ. ಸೈಕಲ್ಲಿಗೆ ಪ್ಲಾಸ್ಟಿಕ್ ಕೊಡ, ಬುಟ್ಟಿ ಕಟ್ಟಿಕೊಂಡು ಕುಷ್ಟಗಿ ಸುತ್ತಲಿನ ಹಳ್ಳಿಗಳಲ್ಲಿ ಮಾರುತ್ತೇನೆ. ನನ್ನಂಥ ಏಳೆಂಟು ಜನ ಬೆಳಿಗ್ಗೆ ಬಾನುಬೀ ಅವರ ಚಾದಂಗಡಿ ಮುಂದೆ ಸೇರುತ್ತೇವೆ. ಅರ್ಧ ಕಪ್ ಚಾ ಮುಗಿಯುವುದರೊಳಗೆ ಲೋಕದ ತಾಪತ್ರಯವನ್ನೆಲ್ಲ ಬಗೆಹರಿಸಿ ಏಳುತ್ತೇವೆ. ಕೇಳುವವರು ಎಲ್ಲರೂ, ಹೇಳುವವರು ಒಬ್ಬರೇ. ಅವರು ದೊಡ್ಡಬಸಪ್ಪ ಕಾಕಾ. ಮೂವತ್ತು ವರ್ಷದಿಂದ ಸೈಕಲ್ ಮೇಲೆ ಕಸಬರಿಗೆ ಮಾರುತ್ತಾರೆ. ನಮ್ಮ ಸೈಕಲ್ ಕೆಟ್ಟರೆ ರಿಪೇರಿಯೂ ಅವರದೇ.

"ಕಾಕಾ, ಚೈನಿಗೆ ಮನ್ಯಾಗಿನ ಎಣ್ಣಿ ಹಾಕಲೇನ್ರಿ?"

"ಅಡಿಗಿ ಎಣ್ಣಿ ಅಡಿಗಿಗೆ. ಚೈನಿಗೆ ಹಾಕಿದ್ರ ಧೂಳು ಅಂಟ್ತೈತಿ."

"ಕಾಕಾ, ನನ್ನ ದಾಳಿಂಬ್ರಿ ಹಣ್ಣು ಯಾರೂ ಕೇಳವಲ್ರು."

"ಒಂದು ಹಣ್ಣು ಒಡದು ಬುಟ್ಟಿ ಮ್ಯಾಲೆ ಇಡೋ ಕಲ್ಲೇಶಾ. ಕೆಂಪು ಕಾಳು ಕಂಡ್ರ ಕರೀದನ ಬರ್ತಾರ."

ಕಲ್ಲೇಶ ಹಾಗೇ ಮಾಡಿದ. ಮಾರನೆಯ ದಿನ ಮಧ್ಯಾಹ್ನಕ್ಕೇ ಬುಟ್ಟಿ ಬರಿದಾಯಿತು. ಅಂದಿನಿಂದ ಅವನಿಗೆ ಕಾಕಾ ಹೇಳಿದ್ದೇ ವೇದವಾಕ್ಯ. ನಮಗೂ ಅಷ್ಟೇ ಅನ್ನಿ. ಅಲ್ಲಿಂದಲೇ ಎಲ್ಲ ತಪ್ಪೂ ಶುರುವಾದದ್ದು.

ಒಂದು ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಕಲ್ಲೇಶ ಸೈಕಲ್ ತಳ್ಳಿಕೊಂಡು ಕುಂಟುತ್ತ ಚಾದಂಗಡಿಗೆ ವಾಪಸ್ ಬಂದ. ಕಾಕಾ ಆಗ ನನ್ನ ಸೈಕಲ್ ರಿಪೇರಿ ಮಾಡುತ್ತ ಅಲ್ಲೇ ಇದ್ದರು. ಮೀನಖಂಡದಿಂದ ರಕ್ತ ಇಳಿದು ಚಪ್ಪಲಿ ಒದ್ದೆಯಾಗಿತ್ತು.

"ನಾಯಿ ಬೊಗಳಲೇ ಇಲ್ಲ ಕಾಕಾ. ಸುಮ್ಮನ ಬಂದು ಹಿಡೀತು. ಒದ್ದರೂ ಬಿಡಲಿಲ್ಲ."

"ಒದೀಬಾರದೋ. ನಾಯಿ ಬೆನ್ನು ಹತ್ತಿದ್ರ ಇಳದು, ಸೈಕಲ್ ನಡುವ ಇಟ್ಕೊಂಡು ನಿಲ್ಲಬೇಕು. ಎಷ್ಟು ಸಲ ಹೇಳೀನಿ?" ಎಂದರು ಕಾಕಾ. ಇಲ್ಲಿಯವರೆಗೆ ಅವರ ಮಾತು ಸರಿಯಾಗಿಯೇ ಇತ್ತು.

ಬಾನುಬೀ ಸೌಟು ಹಿಡಿದೇ ಹೊರಗೆ ಬಂದರು. "ದವಾಖಾನಿ ಇಲ್ಲೇ ಐತೆಲ್ರಿ, ಮೊದಲು ಅಲ್ಲಿ ಹೋಗ್ರಿ."

"ದವಾಖಾನ್ಯಾಗ ಹೊಟ್ಟಿಗಿ ಹದಿನಾಕು ಸೂಜಿ ಚುಚ್ತಾರವಾ. ದುಡಿಯೋ ಮನುಷ್ಯಾ ಮಲಗಬೇಕೇನು? ಒಂದೀಟು ಖಾರಪುಡಿ, ಸುಣ್ಣ ಕೊಡು."

ಕಲ್ಲೇಶ ಹಲ್ಲು ಕಚ್ಚಿ ಕೂತ. ಕಾಕಾ ಖಾರ, ಸುಣ್ಣ ಕಲಸಿ ಗಾಯಕ್ಕೆ ಮೆತ್ತಿದರು. ಅವನ ಕಾಲು ಹಿಡಿದುಕೊಂಡವನು ನಾನು. ಇದನ್ನು ಮುಚ್ಚಿಡಬಾರದು ಎಂದೇ ಬರೆಯುತ್ತಿದ್ದೇನೆ.

"ಮೂರು ದಿನ ನೀರು ಮುಟ್ಟಿಸಬ್ಯಾಡ. ಆ ನಾಯಿ ಹತ್ತು ದಿನ ಬದುಕಿತಂದ್ರ ನಿನಗೇನೂ ಆಗಂಗಿಲ್ಲ. ನಮ್ಮ ಓಣಿ ಮುದಿಯಪ್ಪಗ ನಾಯಿ ಕಚ್ಚಿದಾಗೂ ಇದನ್ನ ಹಚ್ಚಿದ್ದೆ. ಗುಂಡಕಲ್ಲ ಇದ್ದಾಂಗ ಅದಾನ," ಎಂದು ಕಾಕಾ ಧೈರ್ಯ ಹೇಳಿದರು.

ಕಲ್ಲೇಶನ ಹೆಂಡತಿ ಅಮೃತಾ ಅಂದೇ ಆಸ್ಪತ್ರೆಗೆ ಹೋಗೋಣ ಎಂದು ಗಂಡನ ಹಿಂದೆ ಬಿದ್ದಳಂತೆ. "ಕಾಕಾ ಹೇಳ್ಯಾರ, ಬಿಡು" ಎಂದು ಅವನು ಬಾಯಿ ಮುಚ್ಚಿಸಿದನಂತೆ.

ಮಂಗಳವಾರ ಕಲ್ಲೇಶ ಬಂದವನೇ ಹೇಳಿದ, "ಕಾಕಾ, ನಾಯಿ ಕಚ್ಚಿದ ಊರಿಗೆ ಹೋಗಿದ್ದೆ. ಆ ಕಿವಿ ಹರದ ಕಂದು ನಾಯಿ ಕಾಣವಲ್ದು."

ಕಾಕಾ ಚಾ ಕಪ್ಪನ್ನು ಬಾಯಿಯವರೆಗೆ ಒಯ್ದು ಹಾಗೆಯೇ ಕೆಳಗಿಟ್ಟರು. "ಎಲ್ಲೋ ಹೊಲದ ಕಡೆ ಹೋಗಿರ್ತೈತಿ. ನೀ ಹಣ್ಣು ಮಾರು ಹೋಗು. ನಾ ನೋಡ್ತೀನಿ."

ಆವತ್ತು ಅವರು ಒಂದು ಕಸಬರಿಗೆಯನ್ನೂ ಮಾರಲಿಲ್ಲ. ಊರಿಂದ ಊರಿಗೆ ತುಳಿದರು. ಬಾವಿಕಟ್ಟೆ, ಶಾಲೆಯ ಹಿಂಭಾಗ, ದಾಳಿಂಬೆ ತೋಟದ ಬೇಲಿ, ಒಂದನ್ನೂ ಬಿಡಲಿಲ್ಲ. "ಕಂದು ಬಣ್ಣದ್ದು, ಕಿವಿ ಹರದೈತಿ, ನೋಡೀರೇನು?" ಎಂದು ಕಂಡಕಂಡವರನ್ನು ಕೇಳಿದರು. ಸಂಜೆ ಅಂಗಡಿ ಮುಂದೆ ಇಳಿದವರು ಕೂರಲಿಲ್ಲ, ಸೈಕಲ್ ಹಿಡಿದೇ ನಿಂತರು. ಚಾದಂಗಡಿಯಿಂದ ಸರಕಾರಿ ಆಸ್ಪತ್ರೆಗೆ ಎಷ್ಟು ದೂರ ಗೊತ್ತೇ? ನಾಲ್ಕು ಸಲ ಪೆಡಲ್ ಹೊಡೆದರೆ ಸಾಕು. ಅದನ್ನು ಬೆನ್ನ ಹಿಂದೆ ಬಿಟ್ಟು ನಾವು ಕಾಣದ ನಾಯಿಯ ಬೆನ್ನು ಹತ್ತಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

ಬುಧವಾರ ಮಧ್ಯಾಹ್ನ ಕಾಕಾ ತಿರುಗಿ ಬಂದಾಗ ಅವರ ಮುಖದಲ್ಲಿ ಕಳೆಯೇ ಇರಲಿಲ್ಲ. ನಾನು ಏನಾಯಿತೆಂದು ಕೇಳಿದೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ರಿಪೇರಿ ಚೀಲ ಇಳಿಸತೊಡಗಿದರು.

ಅಷ್ಟರಲ್ಲಿ ಮಲ್ಲೇಶ್ವರಿ ಅಕ್ಕ ಸೈಕಲ್ ತಳ್ಳಿಕೊಂಡು ಬಂದಳು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅವಳು. ಮನೆಮನೆಗೆ ಸೈಕಲ್ ಮೇಲೆಯೇ ಹೋಗುತ್ತಾಳೆ.

"ಕಾಕಾರ, ಬೆಳಗಿನ್ಯಾಗ ಗಾಳಿ ಹಾಕಿದ್ರ ಮಧ್ಯಾಹ್ನಕ್ಕ ಇಳೀತೈತಿ. ಒಂಚೂರು ನೋಡ್ರಿ."

ಕಾಕಾ ಟೈರ್ ಬಿಚ್ಚಿದರು, ತೂತು ಹುಡುಕಿದರು, ಪ್ಯಾಚ್ ಅಂಟಿಸಿದರು. ಗಾಳಿ ಹಾಕಿದ ಕೂಡಲೇ ಪ್ಯಾಚ್ ಕಿತ್ತು ಬಂತು. ಇನ್ನೊಂದು ಅಂಟಿಸಿದರು. ಅದೂ ಕಿತ್ತಿತು.

ಅಕ್ಕ ಬಗ್ಗಿ ನೋಡಿದಳು. "ಟ್ಯೂಬ್ ಉಜ್ಜಲಿಲ್ಲ, ಒರಸಲಿಲ್ಲ, ಹೊಲಸಿನ ಮ್ಯಾಲೆ ಪ್ಯಾಚ್ ಹಚ್ಚೀರಲ್ರಿ! ಇದು ನಿಮ್ಮ ಕೈ ಅಲ್ಲ. ಏನಾಗೈತ್ರಿ ನಿಮಗ?"

ಕಾಕಾ ನೆಲಕ್ಕೆ ಕುಕ್ಕರಿಸಿದರು. "ಆ ನಾಯಿ ಸತ್ತೈತವಾ. ಸಾಯೂಕಿಂತ ಮುಂಚೆ ಒಂದು ಕರುಕ್ಕ, ಇಬ್ಬರು ಮಂದಿಗಿ ಕಚ್ಚೈತಿ. ಬಾಯಾಗ ಜೊಲ್ಲು ಸುರೀತಿತ್ತಂತ. ಕಲ್ಲೇಶಗ ಕಚ್ಚಿದ್ದೂ ಅದನ. ನಾ ಅವಗ ಖಾರ ಹಚ್ಚಿ ಕಳಿಸೀನಿ."

"ಸೂಜಿ?"

"ಬ್ಯಾಡ ಅಂದೆ. ಮುದಿಯಪ್ಪಗ ಏನೂ ಆಗಲಿಲ್ಲ ಅಂತ..."

"ಮುದಿಯಪ್ಪಗ ಕಚ್ಚಿದ ನಾಯಿಗಿ ರೋಗ ಇದ್ದಿರಾಕಿಲ್ಲ ಕಾಕಾರ. ಕಾಗಿ ಕುಂಡ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿಹೋತು. ನೀವು ನಿಮ್ಮ ಖಾರ ಗೆದ್ದಿತು ಅಂದ್ಕೊಂಡ್ರಿ." ಅವಳ ದನಿ ಏರಿತು. "ತೊಳೀಲಾರದ ಟ್ಯೂಬಿಗೆ ಪ್ಯಾಚ್ ಕೂಡಂಗಿಲ್ಲ ಅಂತ ನಮಗ ಕಲಿಸಿದವರು ನೀವು. ಕಚ್ಚಿದ ಗಾಯಾ ತೊಳೀಬ್ಯಾಡ ಅಂತ ಹ್ಯಾಂಗ ಹೇಳಿದ್ರಿ?"

"ಮೂರು ದಿನ ಆತು. ಇನ್ನ ಹೋದ್ರ ಏನು ಬಂತು?"

"ತಡಾ ಆಗೈತಿ, ಹೊತ್ತು ಮೀರಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮ್ಯಾಲೆ ಉಳಿಸಾಕ ಔಷಧಾನ ಇಲ್ಲ. ಅದಕ್ಕ ಮುಂಚೆ ಎಂದ ಹೋದ್ರೂ ಸೂಜಿ ಹಾಕ್ತಾರ. ಕಲ್ಲೇಶ ಎಲ್ಲಿ ಅದಾನ?"

ಅದೇ ಯಾರಿಗೂ ಗೊತ್ತಿರಲಿಲ್ಲ. ಫೋನ್ ಮಾಡಿದೆ. ಅಮೃತಾ ಎತ್ತಿದಳು. ಫೋನ್ ಮನೆಯಲ್ಲೇ ಬಿಟ್ಟು ಹಣ್ಣು ಮಾರಲು ಹೋಗಿದ್ದ. ಯಾವ ದಾರಿ ಹಿಡಿದನೋ ಅವಳಿಗೂ ತಿಳಿಯದು. "ಯಾಕಣ್ಣಾರ? ಏನಾತು?" ಎಂದು ಕೇಳಿದಳು. ಸರಕಾರಿ ಆಸ್ಪತ್ರೆಗೆ ಬಾ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಕುಷ್ಟಗಿಯಿಂದ ಎಷ್ಟು ದಾರಿ ಒಡೆಯುತ್ತವೋ ಅಷ್ಟೂ ದಾರಿಗೆ ಒಬ್ಬೊಬ್ಬರು ಹೊರಟೆವು. ಕೊಡ, ಬುಟ್ಟಿ ಎಲ್ಲ ಬಾನುಬೀ ಅಂಗಡಿಯ ಮುಂದೆಯೇ ಬಿದ್ದಿದ್ದವು. ಎದುರುಗಾಳಿ. ಆವತ್ತು ತುಳಿದಂತೆ ನಾನು ಹುಟ್ಟಿದಾಗಿನಿಂದ ತುಳಿದಿಲ್ಲ. ಪ್ರತಿ ತಿರುವಿನಲ್ಲೂ ಒಡೆದ ದಾಳಿಂಬೆ ಇಟ್ಟ ಬುಟ್ಟಿ ಕಾಣುತ್ತದೇನೋ ಎಂದು ಕಣ್ಣು ಹುಡುಕುತ್ತಿತ್ತು. ಹೆದರಿಕೆಯಾಗಿತ್ತು, ಅಷ್ಟೇ ಸಿಟ್ಟೂ ಬಂದಿತ್ತು, ನನ್ನ ಮೇಲೆಯೇ.

ಕಲ್ಲೇಶ ಸಿಕ್ಕಿದ್ದು ಕಾಕಾನಿಗೆ. ಮಾತಾಡಲು ಉಸಿರಿಲ್ಲದೆ ಅವನ ರಟ್ಟೆ ಹಿಡಿದು ಎಳೆದರಂತೆ. ಕಲ್ಲೇಶ ಕೊಸರಾಡಿದ. "ನನಗೇನೂ ಆಗಿಲ್ಲ ಕಾಕಾ. ಆ ಹದಿನಾಕು ಸೂಜಿ..."

"ನಾ ಹೇಳಿದ್ದು ಸುಳ್ಳೋ ತಮ್ಮಾ. ನನಗ ಗೊತ್ತಿರಲಿಲ್ಲ. ಸೈಕಲ್ ಹತ್ತು, ನಡಿ!"

ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ಮಾಡಿದ್ದು ಗಾಯ ತೊಳೆದದ್ದು. ನಲ್ಲಿ ಬಿಟ್ಟು, ಸೋಪು ಹಚ್ಚಿ, ಹದಿನೈದು ನಿಮಿಷ. ಸುಣ್ಣಕ್ಕೆ ಚರ್ಮ ಬೆಂದು ಗಾಯ ಇನ್ನಷ್ಟು ಹಸಿಯಾಗಿತ್ತು. ಗಾಯ ಆಳವಾಗಿದ್ದರಿಂದ ಅದರ ಸುತ್ತ ಒಂದು ಔಷಧಿ ಚುಚ್ಚಿದರು, ಲಸಿಕೆಯನ್ನು ತೋಳಿಗೆ ಹಾಕಿದರು. ಹೊಟ್ಟೆಯ ತಂಟೆಗೆ ಯಾರೂ ಹೋಗಲಿಲ್ಲ. ಮುಂದಿನ ತಾರೀಖುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹಣ ಕೇಳಲಿಲ್ಲ.

"ಇಷ್ಟೇ ಏನ್ರಿ?" ಎಂದ ಕಲ್ಲೇಶ.

ಆ ನಾಯಿ ಕಚ್ಚಿದ ಇನ್ನಿಬ್ಬರನ್ನು ಕರೆತರಲು ಮಲ್ಲೇಶ್ವರಿ ಅಕ್ಕ ಆಗಲೇ ಫೋನಿನಲ್ಲಿದ್ದಳು. ಆ ಇಬ್ಬರೂ ಸಂಜೆಯೊಳಗೆ ಬಂದು ಲಸಿಕೆ ಹಾಕಿಸಿಕೊಂಡರು.

ಅಮೃತಾ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಕಾಕಾನ ಮುಂದೆ ಬಂದು ಮೆಲ್ಲಗೆ ಹೇಳಿದಳು, "ಚೈನಿನ ಮಾತು ನಿಮ್ಮನ್ನ ಕೇಳಿದ್ವಿ, ಛಲೋ ಆತು. ಯಾಪಾರದ ಮಾತು ಕೇಳಿದ್ವಿ, ಅದೂ ಛಲೋ ಆತು. ಜೀವದ ಮಾತಿಗಿ ಗೊತ್ತಿಲ್ಲ ಅನ್ನಾಕ ಏನಾಗಿತ್ರಿ ಕಾಕಾ?"

ಕಾಕಾ ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆ ಪ್ರಶ್ನೆ ನನಗೂ ತಾಗಿತು. ಕಾಲು ಹಿಡಿದವನಿಗೆ ತಾಗದೆ ಇರುತ್ತದೆಯೇ?

ಚೀಟಿಯ ತಾರೀಖುಗಳನ್ನು ಕಾಕಾ ತಮ್ಮ ಸೈಕಲ್ಲಿನ ಮಡ್ಗಾರ್ಡಿನ ಮೇಲೆ ಸುಣ್ಣದಲ್ಲಿ ಬರೆದುಕೊಂಡರು. ಪ್ರತಿ ತಾರೀಖಿಗೂ ಕಲ್ಲೇಶನ ಮನೆ ಮುಂದೆ ಬೆಲ್ ಹೊಡೆದರು. ಕೊನೆಯ ಸಲ ಅವನು "ಈಗ ಆರಾಮ ಅದೀನಲಾ, ಬಿಡ್ರಿ" ಎಂದ. ಅವರು ಬಿಡಲಿಲ್ಲ. ಕಲ್ಲೇಶ ಇವತ್ತಿಗೂ ಹಣ್ಣು ಮಾರುತ್ತಿದ್ದಾನೆ.

ಮೊನ್ನೆ ಕಾಕಾನ ಜೊತೆ ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬ ತಾಯಿ ಮಗಳನ್ನು ಎತ್ತಿಕೊಂಡು ಓಡಿ ಬಂದಳು. "ಕಾಕಾ, ಕೂಸಿಗಿ ನಾಯಿ ಕಚ್ಚೈತಿ. ಏನು ಹಚ್ಚಲಿ, ಹೇಳ್ರಿ."

ಕಾಕಾ ರಿಪೇರಿ ಚೀಲಕ್ಕೆ ಕೈ ಹಾಕಿದರು. ಪ್ಯಾಚು, ಪಾನಾಗಳ ನಡುವೆ ಒಂದು ಸೋಪು ಇತ್ತು.

"ಏನೂ ಹಚ್ಚಬ್ಯಾಡವಾ. ನೀರು ತಾ. ತೊಳದು ದವಾಖಾನಿಗಿ ಹೋಗೂಣು. ಉಳಿದದ್ದು ನನಗ ಗೊತ್ತಿಲ್ಲ, ಡಾಕ್ಟರಿಗಿ ಗೊತ್ತೈತಿ."

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಊರಲ್ಲೂ ಒಬ್ಬ ದೊಡ್ಡಬಸಪ್ಪ ಕಾಕಾ ಇದ್ದೇ ಇರುತ್ತಾರೆ. ಸೈಕಲ್ ಕೆಟ್ಟರೆ ಅವರನ್ನೇ ಕೇಳಿ. ನಾಯಿ ಕಚ್ಚಿದರೆ ಮಾತ್ರ ಯಾರನ್ನೂ ಕೇಳುತ್ತ ನಿಲ್ಲಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಖಾರ, ಸುಣ್ಣ, ಎಣ್ಣೆ, ಅರಿಸಿನ ಒಂದೂ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ, ಬರೆದುಕೊಟ್ಟ ತಾರೀಖಿನಲ್ಲಿ ಒಂದನ್ನೂ ತಪ್ಪಿಸಬೇಡಿ. ಸಣ್ಣ ಗೀರು, ಮನೆಯಲ್ಲೇ ಸಾಕಿದ ನಾಯಿ ಎಂದು ಸುಮ್ಮನಾಗಬೇಡಿ. ಕಚ್ಚಿ ದಿನಗಳು ಕಳೆದಿದ್ದರೆ ಈ ಕಾಗದ ಕೆಳಗಿಟ್ಟು ಈಗಲೇ ಎದ್ದು ಹೊರಡಿ.

ನಾಯಿ ಬದುಕಿದೆಯೋ ಸತ್ತಿದೆಯೋ ಆಮೇಲೆ ನೋಡಿದರಾಯಿತು. ಮೊದಲು ಮನುಷ್ಯ ಬದುಕಲಿ.